ರಾತ್ರಿ ಎರಡರ ಗುಂಯ್

ಸಭೆಗೆ ಕಾಲು ಗಂಟೆ ತಡವಾಗಿ ಹೋದದ್ದೇ ತಪ್ಪು;
ನಾನು ಬಾಗಿಲು ದಾಟುವಷ್ಟರಲ್ಲಿ ಕಾರ್ಯದರ್ಶಿಯಾಗಿದ್ದೆ.
ಸಿಡ್ನಿಯ ಕ್ಯಾಂಪ್ಸಿ, ಕೆಂಪಿಟ್ಟಿಗೆಯ ಕಟ್ಟಡ,
ಮೂರು ಮಹಡಿ, ಹನ್ನೆರಡು ಮನೆ,
ಊರೆಲ್ಲ ಅಡಗಿದ ಮೇಲೆ ಎರಡಕ್ಕೆ ಏಳುವ ಒಂದು ಗುಂಯ್.

ಕಿವಿಗಲ್ಲ, ಹಲ್ಲಿಗೆ ಕೇಳಿಸುತ್ತದೆ, ಎಂದಳು ಡ್ರಾಗಿತ್ಸಾ.
ನಬೀಲನ ಕಪಾಟಿನಲ್ಲಿ ಚಹಾ ಲೋಟಗಳು
ಒಂದರ ಕಿವಿಯಲ್ಲೊಂದು ಪಿಸುಗುಡುತ್ತವಂತೆ.
ಮೇಲಿನವರದೇ, ಎಂದರು ಕೆಳಗಿನವರು.
ಕೆಳಗಿನವರದೇ, ಎಂದರು ಮೇಲಿನವರು.
ನಡುವಿನವರು ಎರಡೂ ಕಡೆಗೆ ಪತ್ರ ಬರೆದರು.

ಚಪ್ಪಲಿ ಬಿಟ್ಟು, ಸ್ಟೀಲ್ ಲೋಟ ಹಿಡಿದು ಹೊರಟೆ.
ಲೋಟದ ಬಾಯಿ ಗೋಡೆಗೆ, ತಳ ನನ್ನ ಕಿವಿಗೆ,
ವೈದ್ಯನ ಹಾಗೆ, ಕಳ್ಳನ ಹಾಗೆ.
ಆರರಲ್ಲಿ ಗೊರಕೆ.
ಎಂಟರಲ್ಲಿ ನಲ್ಲಿ ತೊಟ್ಟಿಕ್ಕುತ್ತಿದೆ, ಬೆಳಿಗ್ಗೆ ಹೇಳಬೇಕು;
ಹೇಳಿದರೆ, ನಿಮಗೆ ಹೇಗೆ ಗೊತ್ತು, ಎನ್ನುತ್ತಾರೆ.
ಗೋಡೆಗೋಡೆಗಳು ಒಳಗೊಳಗೇ ಬೀಗರು,
ಒಂದರ ನಡುಕ ಇನ್ನೊಂದರ ಮನೆಯಲ್ಲಿ ಉಣ್ಣುತ್ತದೆ.

ಹನ್ನೊಂದು ರಾತ್ರಿ ಹೀಗೆ ಮೆಟ್ಟಿಲು ಸವೆಸಿದೆ.
ಮಾರನೆಯ ರಾತ್ರಿ ಸಾಕಾಗಿ, ನೀರು ಕುಡಿಯಲೆಂದು
ನನ್ನದೇ ಫ್ರಿಜ್ಜಿಗೆ ಒರಗಿದೆ.
ಹಲ್ಲು ಜುಮ್ಮೆಂದಿತು.

ಅದರ ಒಂದು ಕಾಲು ಮೋಟು. ಕೆಳಗಿಟ್ಟಿದ್ದ ರಟ್ಟಿನ ಚೂರು ಜಾರಿ
ಬೆನ್ನು ಗೋಡೆಗೆ ತಾಗಿತ್ತು.
ಮಡಿಸಿ ತುರುಕಿದೆ. ಇಡೀ ಕಟ್ಟಡ ಉಸಿರು ಬಿಟ್ಟಿತು.

ನಡಾವಳಿಯಲ್ಲಿ ಬರೆದೆ: ಸದ್ದು ತಾನಾಗಿ ನಿಂತಿದೆ.
ಡ್ರಾಗಿತ್ಸಾ ಪ್ಲಮ್ ಕೇಕ್ ತಂದುಕೊಟ್ಟಳು. ತಿಂದೆ. ಏನು ಮಾಡಲಿ.

ಮೂರನೆಯ ರಾತ್ರಿ ಕೇಳಿಸಿತು,
ಪಕ್ಕದ ಒಂಬತ್ತರಿಂದ,
ದಿಂಬಿಗೆ ಬಾಯಿ ಒತ್ತಿದ ಅಳು.
ಕೊಲೀನ್. ಟಪಾಲು ಪೆಟ್ಟಿಗೆಯ ಹತ್ತಿರ ಸಿಕ್ಕಾಗಲೆಲ್ಲ
ಬಿಸಿಲು ಮಳೆಯ ಮಾತಷ್ಟೇ ಆಡುವವಳು.
ಇಷ್ಟು ದಿನ ನನ್ನ ಹಳೇ ಫ್ರಿಜ್ಜು
ಅವಳಿಗೆ ಸೆರಗು ಮರೆ ಹಿಡಿದಿತ್ತು.

ದೂರಿನ ಫಾರಮ್ಮಿನಲ್ಲಿ ಕಾಲಂಗಳಿವೆ: ಸಮಯ, ಅವಧಿ, ಎಷ್ಟು ಜೋರು.
ಇದು ಜೋರಿಲ್ಲ. ಇದರ ಬಗ್ಗೆ ಯಾರೂ ಬರೆದಿಲ್ಲ.
ಬಾಗಿಲು ತಟ್ಟಲೇ? ತಟ್ಟಿ,
ಗೋಡೆ ಹೇಳಿತು ಎನ್ನಲೇ?
ಲೋಟವನ್ನು ಬೋರಲು ಹಾಕಿಟ್ಟೆ. ಆದರೂ ಕೇಳುತ್ತಿತ್ತು.

ಎರಡೂ ಹತ್ತಕ್ಕೆ ಅಡುಗೆಮನೆಯ ತಣ್ಣನೆ ನೆಲಕ್ಕೆ ಮಂಡಿಯೂರಿ
ರಟ್ಟನ್ನು ಎಳೆದು ತೆಗೆದೆ.

ಗುಂಯ್.

ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ನಾಲ್ಕು ದೂರು.
ಒಂಬತ್ತರಿಂದ ಬಂದದ್ದಿಲ್ಲ.
ಡ್ರಾಗಿತ್ಸಾಳದರ ಕೊನೆಗೆ ಇನ್ನೊಂದು ಸಾಲು:
ನನ್ನ ಕೇಕಿನ ತಟ್ಟೆ ಇನ್ನೂ ವಾಪಸು ಬಂದಿಲ್ಲ.