ಹನ್ನೊಂದು ಸೆಕೆಂಡು

ಅಪ್ಪನ ಕೆಲಸ ಗದ್ದಲ ಮಾಡುವುದು.
ಶಾಲೆಯ ಅರ್ಜಿಯಲ್ಲಿ ನಾನು ಬರೆದದ್ದು ಬೇರೆ:
ಸಂಪರ್ಕ ಇಲಾಖೆ, ತಂತ್ರಜ್ಞ.
ರೀಗಾದಲ್ಲಿ, ಟ್ರಾಮಿನ ಕೊನೆಯ ನಿಲ್ದಾಣ ದಾಟಿ
ಬರ್ಚ್ ಮರಗಳ ನಡುವೆ ಹೆಸರಿಲ್ಲದ ಕಟ್ಟಡ,
ಹೆಸರಿನ ಬದಲಿಗೆ ಒಂದು ಸಂಖ್ಯೆ, ಒಂದು ನಾಯಿ,
ಮೂರು ಕಬ್ಬಿಣದ ಗೋಪುರ.

ಗಡಿಯಾಚೆಯಿಂದ ನಮ್ಮ ಭಾಷೆಯಲ್ಲಿ ಮಾತು ಹೊರಟರೆ
ಅದೇ ಅಲೆಯ ಮೇಲೆ ಅಪ್ಪ ಗರಗಸ ಹಚ್ಚುತ್ತಿದ್ದ.
ಊರೆಲ್ಲ ಹಾಗೇ ಕರೆಯುತ್ತಿತ್ತು: ಗರಗಸ.
ಮೇಲ್ಮಹಡಿಯ ಆಲ್ಫೋನ್ಸ್ ಮಾವ
ಕಂಬಳಿಯೊಳಗೆ ರೇಡಿಯೋ ಅವಿಸಿಟ್ಟು ಕೇಳಿ ಸೋತು
ಬೆಳಿಗ್ಗೆ ಮೆಟ್ಟಿಲ ಮೇಲೆ ಸಿಕ್ಕರೆ ಹೇಳುತ್ತಿದ್ದ:
"ನಿದ್ದೆಯಿಲ್ಲ ಏವಾಲ್ಡ್ಸ್, ಯಾರೋ ರಾತ್ರಿಯಿಡೀ ಮರ ಕೊಯ್ದರು."
ಅಪ್ಪ ಟೋಪಿ ಸರಿಮಾಡಿಕೊಂಡು
"ಚಳಿ ಜಾಸ್ತಿ" ಎನ್ನುತ್ತಿದ್ದ.

ಎರಡು ಕೋಣ ಕಾದಾಡಿದರೆ ಗಿಡಕ್ಕೆ ಸಾವಂತೆ.
ನಮ್ಮನೆಯ ಗಿಡ ಸಾಯಲಿಲ್ಲ,
ಒಂದು ಕೋಣದ ಬಳಿ ಕೆಲಸಕ್ಕೆ ಸೇರಿತು.
ಅದರಿಂದಲೇ ನನಗೆ ಚಳಿಗಾಲದ ಬೂಟು,
ಅಮ್ಮನಿಗೆ ಹೊಲಿಗೆ ಯಂತ್ರ,
ವರ್ಷಕ್ಕೊಮ್ಮೆ ಯಾಲ್ಟಾದ ವಿಶ್ರಾಂತಿಧಾಮದ ಚೀಟಿ.

ಒಂದು ವಿಷಯ ಯಾರಿಗೂ ಹೊಳೆಯಲಿಲ್ಲ:
ಮುಚ್ಚಬೇಕಾದ್ದನ್ನು ಮೊದಲು ಕೇಳಲೇಬೇಕು.
ಇಡೀ ಊರಲ್ಲಿ ಅದನ್ನೆಲ್ಲ ಸ್ಪಷ್ಟವಾಗಿ ಕೇಳಿದವರು
ಪಾಳಿಗೆ ಇಬ್ಬರು.
ಗ್ದಾನ್ಸ್ಕಿನ ಹಡಗುಕಟ್ಟೆ ಕೈಕಟ್ಟಿ ಕೂತದ್ದು,
ಕಾಬೂಲಿನಿಂದ ಸತುವಿನ ಪೆಟ್ಟಿಗೆಗಳು ಬಂದದ್ದು,
ಯಾರದೋ ಮಗ ಅದರೊಳಗೆ ಇದ್ದದ್ದು,
ಎಲ್ಲ ಗೊತ್ತಿದ್ದೂ ಮನೆಗೆ ಬಂದು
ಕಪ್ಪು ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ.
"ಏನು ಸಮಾಚಾರ?" ಅಮ್ಮ ಕೇಳಿದರೆ
"ಸಾರಿಗೆ ಉಪ್ಪು ಕಡಿಮೆ."

ಬೇಸಿಗೆಯಲ್ಲಿ ಅಜ್ಜಿಯ ಹಳ್ಳಿಗೆ ಹೋದರೆ
ಅಲ್ಲಿ ರೇಡಿಯೋ ನೀರಿನಷ್ಟು ತಿಳಿ.
ಬಾವಿಕಟ್ಟೆಯ ಮೇಲೆ ಕೂತು ಅಪ್ಪ ಅಂದಿದ್ದ,
ಹೆಮ್ಮೆಯೋ ನಾಚಿಕೆಯೋ ನನಗಿಂದೂ ತಿಳಿಯದು:
"ಇಲ್ಲಿಗೆ ನಾನು ತಲುಪುವುದಿಲ್ಲ."

ಎಂಬತ್ತೊಂದರ ಡಿಸೆಂಬರ್. ರಾತ್ರಿ ಪಾಳಿ.
ದೇಶ ಬಿಟ್ಟವರ ಹಬ್ಬದ ಶುಭಾಶಯ ಕಾರ್ಯಕ್ರಮ.
ಹೆಡ್‌ಫೋನಿನೊಳಗೆ ಒಂದು ಕೆಮ್ಮು.
ಮಾತಿಗೆ ಮೊದಲು ಹಾಗೆ ಕೆಮ್ಮುವವನು
ಭೂಮಿಯ ಮೇಲೆ ಒಬ್ಬನೇ:
ನಲವತ್ತನಾಲ್ಕರಲ್ಲಿ ಮೀನಿನ ದೋಣಿ ಹತ್ತಿ
ಗಾಟ್ಲೆಂಡ್ ದ್ವೀಪದ ಕಡೆ ಹೋದ
ವೋಲ್ಡೆಮಾರ್ಸ್ ದೊಡ್ಡಪ್ಪ.
ಬದುಕಿದ್ದಾನೆಂದು ಅಪ್ಪನಿಗೆ ತಿಳಿದದ್ದು
ಆ ಕೆಮ್ಮಿನಿಂದ.
ಕೈ ಗುಂಡಿಯ ಮೇಲಿತ್ತು.
ದಾಖಲೆ ಪುಸ್ತಕದಲ್ಲಿ ಅಪ್ಪನದೇ ಅಕ್ಷರ:
"ಹನ್ನೊಂದು ಸೆಕೆಂಡು ವಿಳಂಬ. ಕಾರಣ: ವಾಲ್ವು ಬಿಸಿಯಾಗಲಿಲ್ಲ."
ಆಮೇಲೆ ಗರಗಸ.
ತನ್ನ ಅಣ್ಣನ ಮೇಲೆ, ಬೆಳಗಿನ ಆರರವರೆಗೆ.

ಎಂಬತ್ತೆಂಟರ ನವೆಂಬರಿನಲ್ಲಿ ದೂರವಾಣಿಯಲ್ಲಿ ಆದೇಶ ಬಂತು.
ಒಂದು ವಾಕ್ಯ. ಕಾಗದವೂ ಇಲ್ಲ.
ಗುಂಡಿ ತಿರುಗಿಸಿ ಅಪ್ಪ ಕೋಟು ಹಾಕಿಕೊಂಡ.
ಮರುದಿನ ಆಲ್ಫೋನ್ಸ್ ಮಾವ ಕಿಟಕಿ ತೆರೆದು
ಬೀದಿಗೆಲ್ಲ ಕೇಳುವಂತೆ ರೇಡಿಯೋ ಹಾಕಿದ.
ಅದರಲ್ಲಿ ಆಗ ಬರುತ್ತಿದ್ದದ್ದು ಹವಾಮಾನ ವರದಿ.
ಮತ್ತೆ ಮೂರು ವರ್ಷಕ್ಕೆ ದೇಶವೇ ಇರಲಿಲ್ಲ;
ಪಿಂಚಣಿಯ ಕಾಗದಕ್ಕೆ ಮೊಹರೊತ್ತುವ ಕಚೇರಿಯನ್ನು ಹುಡುಕಿ
ಅಪ್ಪ ಒಂದು ಚಳಿಗಾಲ ಅಲೆದ.
ಗೋಪುರಗಳನ್ನು ಗುಜರಿಯವನು ಕೊಯ್ದ,
ನಿಜವಾದ ಗರಗಸದಿಂದ.

ಈ ಜುಲೈನಲ್ಲಿ ಅನ್ನೆಲಿ ಬಂದಳು,
ದೊಡ್ಡಪ್ಪನ ಮಗಳು, ಸ್ವೀಡನ್ನಿನಿಂದ,
ಕೈಚೀಲದಲ್ಲಿ ಒಂದು ಕ್ಯಾಸೆಟ್.
"ಅಪ್ಪ ಮಾತಾಡಿದ್ದು. ಅಲ್ಲಿ ಸ್ಪಷ್ಟವಾಗಿ ಸಿಕ್ಕಿತ್ತು."
ಅಡುಗೆಮನೆಯ ಮೇಜಿನ ಮೇಲೆ ಹಚ್ಚಿದೆವು.
ಕೆಮ್ಮು. "ಎಲ್ಲರಿಗೂ ಹಬ್ಬದ ಶುಭಾಶಯ.
ಇದು ನನ್ನ ತಮ್ಮನಿಗೆ, ಅವನು ಎಲ್ಲಿದ್ದರೂ…"
ಹನ್ನೊಂದನೆಯ ಸೆಕೆಂಡಿಗೆ ಸರಿಯಾಗಿ
ಅಪ್ಪನ ಬಲಗೈ ಮೇಜಿನಿಂದೆದ್ದು
ಗಾಳಿಯಲ್ಲಿ ಗುಂಡಿಗೆ ತಡಕಾಡಿತು.
ನಾನು ಆ ಕೈ ಹಿಡಿದುಕೊಂಡೆ.

ಧ್ವನಿ ನಿಲ್ಲಲಿಲ್ಲ. ರಾಜಕೀಯದ ಒಂದು ಮಾತೂ ಇರಲಿಲ್ಲ.
"…ಅಮ್ಮ ನೆಟ್ಟ ಸೇಬಿನ ಮರ ಇನ್ನೂ ಕಾಯಿ ಬಿಡುತ್ತದಾ,
ತಿಳಿಸು" ಅಂದಿತು.

ಟೇಪು ಸುರ್ರೆಂದು ಖಾಲಿ ಓಡುತ್ತಿರಲು
ಅಪ್ಪ ಅದರತ್ತ ಬಾಗಿ,
ಕಿವುಡರೊಡನೆ ಆಡುವಂತೆ ಗಟ್ಟಿಯಾಗಿ ಹೇಳಿದ:
"ಇಲ್ಲ ಅಣ್ಣ.
ಎಪ್ಪತ್ತೊಂಬತ್ತರ ಹಿಮಕ್ಕೆ ಹೋಯಿತು."