ಮೂರು ಗಂಟೆಯೊಳಗೆ

ದೋಣಿ ಮಾರಿದ ದುಡ್ಡು, ಇಪ್ಪತ್ತೊಂದು ಲಕ್ಷ ಯೆನ್,
ಜನವರಿಯಿಂದ ಬ್ಯಾಂಕಿನಲ್ಲಿ ಮಲಗಿತ್ತು,
ಎಂಜಿನ್ ಆರಿದ ದೋಣಿಯ ಹಾಗೇ.
ನೀಸಾ ಖಾತೆಗೆ ಹಾಕೋಣ ಅಂದಳು ಕಿನುಯೆ,
ಲೋಕದ ಕಂಪನಿಗಳದೆಲ್ಲ ಒಂದೊಂದು ಚೂರು,
ಬೆಳೆದರೆ ಬೆಳೆದಷ್ಟೂ ನಮ್ಮದೇ,
ಸರ್ಕಾರ ಐದರಲ್ಲೊಂದು ಪಾಲು ಕೇಳುವುದಿಲ್ಲ.
ಹಾಕು ಅಂದೆ.
ಹಾಕ್ತೀನಿ, ಸ್ವಲ್ಪ ಇಳಿಯಲಿ ಅಂದಳು.

ನನ್ನ ಹೆಂಡತಿ ಹಕೊದಾತೆಯಲ್ಲಿ ಟ್ರಾಮ್ ಓಡಿಸುತ್ತಾಳೆ.
ಬಿಳಿ ಕೈಗವಸಿನ ಬೆರಳು ಚಾಚಿ
ಗಡಿಯಾರಕ್ಕೊಮ್ಮೆ, ಸಿಗ್ನಲ್ಲಿಗೊಮ್ಮೆ ತೋರಿಸಿ
ಯಾರೂ ಕೇಳದಿದ್ದರೂ ಗಟ್ಟಿಯಾಗಿ ಹೇಳುತ್ತಾಳೆ:
ಹೊರಡುವ ಹೊತ್ತು ಸರಿ. ಮುಂದೆ ಸರಿ.
ಹದಿನೈದು ಸೆಕೆಂಡು ತಡವಾದ ದಿನ
ಮನೆಯಲ್ಲಿ ಸಾರು ಸಪ್ಪೆ.
ಇಂಥವಳಿಗೆ ಒಂದು ಒಳ್ಳೆಯ ಗಳಿಗೆ ಹುಡುಕುವುದು
ಏನು ಮಹಾ ಅಂದುಕೊಂಡಿದ್ದೆ.

ಫೆಬ್ರವರಿಯಲ್ಲಿ ಏರಿತು. ಇಳಿಯಲಿ.
ಏಪ್ರಿಲಿನಲ್ಲಿ ಚೂರು ಇಳಿಯಿತು. ಇನ್ನೂ ಇಳಿಯಲಿ.
ಕೋಟೆಯ ಚೆರ್ರಿ ಹೂ ಉದುರುವ ಹೊತ್ತಿಗೆ
ಏಪ್ರಿಲಿನ ಬೆಲೆ ನೆನೆದು ಹಲ್ಲು ಕಚ್ಚಿದಳು.
ಯಾಚಿಗಾಶಿರಾ, ಕೊನೆಯ ನಿಲ್ದಾಣ,
ತಿರುಗಿ ಹೊರಡಲು ಆರು ನಿಮಿಷ.
ಮೊದಲೆಲ್ಲ ಆ ಆರು ನಿಮಿಷಕ್ಕೆ ಒಂದು ಲೋಟ ಚಹಾ,
ಈಗ ಫೋನಿನ ಮೇಲೊಂದು ಗೆರೆ.
ಮೀನು ತೋರಿಸುವ ಯಂತ್ರವನ್ನು
ನಾನೂ ಹೀಗೇ ನೋಡುತ್ತಿದ್ದೆ,
ಕುತ್ತಿಗೆಯ ಬಾಗು ಕೂಡ ಇದೇ.

ಆಗಸ್ಟಿನ ಒಂದು ಸೋಮವಾರ ಎಲ್ಲ ಕುಸಿಯಿತು.
ಕಾದದ್ದು ಇದಕ್ಕೇ ತಾನೆ?
ಅವತ್ತು ರಜೆ. ಮೇಜಿನ ಮುಂದೆ ಕೂತು
ಅಳೆದಳು, ಸುರಿದಳು,
ಟೀವಿಯವನ ಮುಖ ನೋಡಿ ಹೆದರಿದಳು.
ಮೂರು ಹೊಡೆಯಿತು.
ಗುರುವಾರಕ್ಕೆ ಗೆರೆ ಮತ್ತೆ ಮೆಟ್ಟಿಲು ಹತ್ತುತ್ತಿತ್ತು.
ಕೊಂಡಿದ್ದರೆ ಎಷ್ಟಕ್ಕೆ ಸಿಗುತ್ತಿತ್ತು, ಕೇಳಿದೆ.
ಗೊತ್ತಿಲ್ಲ ಅಂದಳು.
ಗೊತ್ತಿಲ್ಲ ಅಂದರೆ?
ಮೂರರೊಳಗೆ ನಾವು ಕೊಡಿ ಅನ್ನಬೇಕು,
ಬೆಲೆ ಕಟ್ಟುವುದು ನಾಳೆ, ತಿಳಿಯುವುದು ನಾಳೆ ರಾತ್ರಿ,
ನಡುವೆ ಅಮೆರಿಕದಲ್ಲಿ ಒಂದು ಹಗಲು ಕಳೆಯಬೇಕು.
ಅಂದರೆ ಏಳು ತಿಂಗಳಿಂದ ನೀನು
ನಿನ್ನೆಯ ಬೆಲೆ ನೋಡಿ ನಾಳೆಯದಕ್ಕೆ ಚೌಕಾಸಿ ಮಾಡುತ್ತಿದ್ದೆ!
ನಕ್ಕುಬಿಟ್ಟೆ. ನಗಬಾರದಿತ್ತು.
ಎರಡು ದಿನ ಸಾರು ಸಪ್ಪೆ.

ಡಿಸೆಂಬರ್. ಇನ್ನೂ ನಸುಕು.
ಹಳಿಯ ಹಿಮ ಗುಡಿಸಲು ಬಿದಿರು ಪೊರಕೆಯ ಹಳೆ ಟ್ರಾಮು
ನಮ್ಮ ಕಿಟಕಿಯ ಕೆಳಗೆ ಹಾದು ಹೋಯಿತು.
ಈ ವರ್ಷದ ಮಿತಿ ಈ ವರ್ಷಕ್ಕೇ, ಅಂದಳು ಹಾಸಿಗೆಯಿಂದ,
ಬಿಟ್ಟರೆ ಮುಂದಿನ ವರ್ಷಕ್ಕೆ ಸೇರುವುದಿಲ್ಲ.
ಜೀವಮಾನದ ಮಿತಿ ಮಾತ್ರ ಹಾಗೇ ಉಳಿಯುತ್ತದಂತೆ,
ಒಂದು ಕೋಟಿ ಎಂಬತ್ತು ಲಕ್ಷ,
ನಾವು ಏಳು ದೋಣಿ ಮಾರಿದರೂ ತುಂಬದ ಪಾತ್ರೆ.
ಹಾಗಾದರೆ ಕಳೆದದ್ದೇನು?
ಸ್ವಲ್ಪ ಹೊತ್ತು ಯೋಚಿಸಿದಳು.
ಒಂದು ವರ್ಷ, ಅಂದಳು.

ಕಡಲಿಗೆ ಹೋಗುವ ದಿನ ನೀನು ಹೇಗೆ ಆರಿಸುತ್ತಿದ್ದೆ?
ಆರಿಸುತ್ತಿರಲಿಲ್ಲ. ಗಾಳಿ ಬಿಟ್ಟ ರಾತ್ರಿಯೆಲ್ಲ ಹೋಗುತ್ತಿದ್ದೆ,
ದೀಪ ಹಚ್ಚುತ್ತಿದ್ದೆ,
ಬಂದರೆ ಸ್ಕ್ವಿಡ್ಡು, ಬರದಿದ್ದರೆ ಡೀಸೆಲ್ಲು ದಂಡ.
ಅವಳು ಎದ್ದು ಕೂತಳು,
ಲೆಕ್ಕಕ್ಕೆ ಉತ್ತರ ಸಿಕ್ಕ ಹುಡುಗಿಯ ಹಾಗೆ.
ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು ನಾನು.
ತಪ್ಪದೆ ಹೋದೆ, ಕಿನುಯೆ, ಮೂವತ್ತೊಂದು ವರ್ಷ.
ಆಮೇಲೆ ಸ್ಕ್ವಿಡ್ಡೇ ಬರುವುದು ಬಿಟ್ಟಿತು.

ಪೊರಕೆಯ ಟ್ರಾಮು ವಾಪಸು ಬಂತು ಅದೇ ಹಳಿಯ ಮೇಲೆ.
ಗುಡಿಸಿದಲ್ಲಿ ಆಗಲೇ ಹಿಮ ಕೂತಿತ್ತು.

ಜನವರಿಯಲ್ಲೊಂದು ಮಧ್ಯಾಹ್ನ
ಓದುವ ಕನ್ನಡಕ ಮರೆತು ಹೋಗಿದ್ದಳು, ಒಯ್ದೆ.
ಯಾಚಿಗಾಶಿರಾದಲ್ಲಿ ಖಾಲಿ ಟ್ರಾಮು,
ಎರಡು ಗಂಟೆ ಐವತ್ತನಾಲ್ಕು.
ಗಾಜಿನಾಚೆ ನಾನಿರುವುದು ಕಾಣಲಿಲ್ಲ ಅವಳಿಗೆ.
ಫೋನನ್ನು ತೋಳಳತೆ ದೂರ ಹಿಡಿದು
ಬೆರಳು ಚಾಚಿ ಗಟ್ಟಿಯಾಗಿ ಹೇಳಿದಳು:
ತಿಂಗಳಿಗೆ ಒಂದು ಲಕ್ಷ ಎಪ್ಪತ್ತೈದು ಸಾವಿರ. ಸರಿ.
ಒತ್ತಿದಳು. ಏನೂ ಆಗಲಿಲ್ಲ.
ಮತ್ತೆ ಒತ್ತಿದಳು. ಬಟ್ಟೆಯ ಬೆರಳನ್ನು
ಆ ಗಾಜು ಲೆಕ್ಕಕ್ಕೇ ಹಿಡಿಯಲಿಲ್ಲ.
ಹಲ್ಲಿನಿಂದ ಕೈಗವಸು ಎಳೆದು ಬರಿಬೆರಳಿಂದ ಮುಟ್ಟಿದಳು,
ಬಿಸಿ ಬಾಣಲೆ ಮುಟ್ಟಿದ ಹಾಗೆ ಹಿಂದೆಳೆದಳು,
ಕೈಗವಸು ತೊಟ್ಟಳು,
ಹೊರಡುವ ಹೊತ್ತು ಸರಿ ಅಂದಳು.
ಟ್ರಾಮು ಹೊರಟೇಬಿಟ್ಟಿತು.
ಕನ್ನಡಕ ನನ್ನ ಕೈಯಲ್ಲೇ ಉಳಿಯಿತು.