ಬಳೆ ಚಾಕು

ಸಂತೆಹೊಂಡದ ಹಿಂದಿನ ಸಂದಿಯಲ್ಲಿ
ಚಮನ್‌ಸಾಬರ ಅಂಗಡಿ. ಅಂಗಡಿ ಅಂದರೆ
ಒಂದು ಬಾಗಿಲು, ಒಂದು ಸಾಣೆಕಲ್ಲು,
ಎಣ್ಣೆಬಟ್ಟೆ ಹಾಸಿದ ಗಾಜಿನ ಪೆಟ್ಟಿಗೆ.

'ಒನಕೆಯ ಊರಲ್ಲಿ ಹುಟ್ಟಿ
ಚಾಕು ಕೇಳ್ತೀಯಲ್ಲವ್ವ' ಅಂತ ನಕ್ಕರು.
ಒನಕೆ ಟಿಕೆಟ್ ಬ್ಯಾಗಿಗೆ ಹಿಡಿಸಲ್ಲ ಸಾಬ್, ಅಂದೆ.
ಯಾತಕ್ಕೆ ಅಂತ ಕೇಳಿದರು.
ಸೀಬೆಹಣ್ಣಿಗೆ, ಅಂದೆ.
ನನ್ನ ಖಾಕಿ ನೋಡಿದರು, ಎದೆಯ ಬಿಲ್ಲೆ ನೋಡಿದರು,
ಕೊನೇ ಟ್ರಿಪ್ಪು ಎಷ್ಟೊತ್ತಿಗೆ ಅಂತ ಮಾತ್ರ ಕೇಳಲಿಲ್ಲ.

ಮೊದಲು ಹೊರಬಂದದ್ದು ಗುಂಡಿ ಚಾಕು.
ಒತ್ತಿದರೆ ಚಟ್ಟನೆ ನೆಗೆದು ನಿಲ್ಲುತ್ತದೆ
ಕರೆಯುವ ಮೊದಲೇ ಓಗೊಡುವ ಹುಡುಗನ ಹಾಗೆ.
ಅಲಗಿನ ಮೇಲೊಂದು ಹದ್ದು, ಹಿಡಿಯ ಮೇಲೆ ಇನ್ನೊಂದು,
ಅಂಗೈಯಲ್ಲಿಟ್ಟರೆ ಸಿನಿಮಾ ಪೋಸ್ಟರಿನಷ್ಟೇ ತೂಕ.
'ಜೇಬಲ್ಲೂ ಹಿಂಗೇ ನೆಗೀತದೆ' ಸಾಬರೇ ಅಂದರು,
'ಆಮೇಲೆ ಸ್ಟೇಷನ್ನಲ್ಲಿ ಕೂತು ಕಥೆ ಹೇಳಬೇಕು.
ಹುಡುಗರು ಬಂದು ಕೇಳ್ತಾರೆ ಅಂತ ಇಟ್ಟಿದೀನಿ,
ಕೊಡೋದಿಲ್ಲ.'

ಎರಡನೆಯದಕ್ಕೆ ಎಮ್ಮೆಕೋಡಿನ ಹಿಡಿ, ಹಿತ್ತಾಳೆಯ ಅಂಚು.
ಪಂಚಾಯ್ತಿ ಕಟ್ಟೆಯ ಹಿರೀಕನ ಹಾಗೆ
ಭಾರ, ನಿಧಾನ. ಅಲಗು ಎಬ್ಬಿಸಲು
ಉಗುರು ಸಿಕ್ಕಿಸುವ ಒಂದು ಗೀರು.
ಉಗುರು ಮುರಿಯಿತು, ಅಲಗು ಏಳಲಿಲ್ಲ.
(ಟಿಕೆಟ್ ಮಶೀನು ಕುಟ್ಟಿ ಕುಟ್ಟಿ
ಉಗುರು ಅಂತ ಉಳಿದದ್ದೇ ಅಷ್ಟು.)
ಸಾಬರು ತೆರೆದು ಕೊಟ್ಟ ಮೇಲೆ ಮಾತ್ರ
ಅಬ್ಬ, ಏನು ಉಕ್ಕು! ಹಳೆಯ ಪಂಚಾಂಗದ ಹಾಳೆ
ಸದ್ದಿಲ್ಲದೆ ಎರಡಾಯಿತು,
ಅಮಾವಾಸ್ಯೆ ಈ ಕಡೆ, ಪಾಡ್ಯ ಆ ಕಡೆ.
ಆಸೆಯಾಯಿತು. ಆದರೆ ಎರಡು ಕೈ ಬೇಡುತ್ತದೆ ಅದು,
ನನ್ನದೊಂದು ಕೈ ಯಾವತ್ತೋ
ಬಸ್ಸಿನ ಕಂಬಿಗೆ ಬರೆದುಕೊಟ್ಟದ್ದು.

ಮೂರನೆಯದು ಜಾಲಿಯೋ ಬೇವೋ, ಬರೀ ಕಟ್ಟಿಗೆ.
ಹೆಸರಿಲ್ಲ, ಹದ್ದಿಲ್ಲ. ಹಿಡಿಯ ಕೊರಳಿಗೆ
ಗಿರ್ರನೆ ತಿರುಗುವ ಒಂದು ತಗಡಿನ ಸುತ್ತು.
'ಬಳೆ ಚಾಕು' ಅಂದರು.
'ಅಲಗು ತೆಗಿ, ಬಳೆ ತಿರುಗಿಸು. ತಿರುಗಿಸಿದ್ಯೋ,
ಯಾರು ಬಂದು ತಳ್ಳಿದರೂ ಬೆರಳ ಮೇಲೆ ಮಡಚಲ್ಲ.'

ಬಳೆ.
ಡಿಪೋದಲ್ಲಿ ಗಂಡಸರು ಗಂಡಸರನ್ನು
ಬೈಯುವುದು ಅದೇ ಮಾತಿನಿಂದ,
ಕೈಗೆ ಬಳೆ ತೊಟ್ಟಿದ್ದೀಯೇನಲೇ ಅಂತ.
ತಿರುಗಿಸಿ ನೋಡಿದೆ. ಮತ್ತೆ ತಿರುಗಿಸಿದೆ.

ಇನ್ನೂರ ಎಂಬತ್ತು ಅಂದರು, ಇನ್ನೂರಕ್ಕೆ ಬಂದರು.
ಕೈಗೆ ಕೊಡಲಿಲ್ಲ, ಗಾಜಿನ ಮೇಲಿಟ್ಟರು.
ಕೈಯಿಂದ ಕೈಗೆ ಹೋದ ಚಾಕು ಜಗಳ ತರುತ್ತದಂತೆ.

ಮೊದಲ ದಿನವೇ ನನ್ನ ತೋರುಬೆರಳು ಕೊಯ್ದುಕೊಂಡೆ,
ಬಳೆ ಮರೆತಿದ್ದೆ.
ಆಮೇಲೆ ಮೊಳಕಾಲ್ಮೂರಿನ ನೇಕಾರರ ಗಂಟಿನ ಹುರಿ,
ಹರಿದ ಸೀಟಿನ ರೆಕ್ಸಿನ್ನು,
ಡ್ರೈವರ್ ಬೋರಣ್ಣನ ಬಿಪಿ ಗುಳಿಗೆ
(ಅರ್ಧವೇ ನುಂಗಬೇಕಂತೆ, ಅರ್ಧ ನನ್ನ ಬ್ಯಾಗಲ್ಲಿ).
ಒಂದು ಸಲ, ಚಳ್ಳಕೆರೆ ಇನ್ನೂ ಬಂದಿರಲಿಲ್ಲ,
ಕಿಟಕಿಯ ಮೊಳೆಗೆ ಸಿಕ್ಕಿಕೊಂಡಿತು
ಮಗುವಿನ ಕೊರಳ ತಾಯಿತದ ದಾರ.
ಎಡಗೈ ಅದರ ಗದ್ದದ ಕೆಳಗೆ,
ಹಲ್ಲಲ್ಲಿ ಕಚ್ಚಿ ಅಲಗು ತೆಗೆದೆ,
ಹೆಬ್ಬೆರಳಲ್ಲಿ ಬಳೆ ತಿರುಗಿಸಿದೆ.
ತಾಯಿ ಅತ್ತಳು. ಅತ್ತು ಮುಗಿಸಿ
ತಾಯಿತ ಕೊಯ್ದೆಯಲ್ಲೇ ಅಂತ ಬೈದಳು.

ಸಾಣೆಗೆ ಕೊಟ್ಟಾಗ ಸಾಬರು
ಅಲಗನ್ನು ಬೆಳಕಿಗೆ ಹಿಡಿದು ಕೇಳಿದರು,
'ಸೀಬೆಹಣ್ಣು ಇಷ್ಟು ಗಟ್ಟಿಯೇನವ್ವ?'

ಯಾತಕ್ಕೆ ಕೊಂಡೆನೋ ಅದಕ್ಕೆ ಇನ್ನೂ ತೆರೆದಿಲ್ಲ.
ತಳಕು ದಾಟಿದ ಮೇಲೆ, ಕೆಲವು ರಾತ್ರಿ,
ಹಿಂದಿನ ಸೀಟಿನಲ್ಲಿ ಒಬ್ಬನೇ ಉಳಿಯುತ್ತಾನೆ,
ಎಲ್ಲಿಳಿಯುತ್ತಾನೋ ಸರಿಯಾಗಿ ಹೇಳದವನು.
ಆಗ ನಾನು ದೀಪದ ಕೆಳಗೆ ಕೂತು
ನಿಧಾನ ಕೊಯ್ಯುತ್ತೇನೆ, ನಾಲ್ಕು ಹೋಳು.
ಬಳೆ ತಿರುಗುವ ಕಿರುಸದ್ದು
ಇಂಜಿನ್ನಿನ ಗದ್ದಲದಲ್ಲೂ ಅಲ್ಲಿಯವರೆಗೆ ಹೋಗುತ್ತದೆ.
ಉಪ್ಪು ಖಾರ ಹಾಕಿದೀನಿ,
ಒಂದು ಹೋಳು ಬೇಕೇನಪ್ಪ, ಅಂತ ಕೇಳುತ್ತೇನೆ.